ನಾಯಿ ಕೆಮ್ಮಿದರೆ ಹಾರ್ಟೋ, ಗಾಳಿ ಕೊಳವೆಯೋ? ಒಂದು ಪೆಟ್ ಡಯಾಗ್ನೋಸ್ಟಿಕ್ ಸೆಂಟರಿನ ರಿವ್ಯೂ

ನಾಲ್ಕು ಸ್ಟಾರ್. ಐದನೆಯದು ಯಾಕಿಲ್ಲ ಅಂತ ಮುಂದೆ ಹೇಳುತ್ತೇನೆ.

ಇದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಸಾಕುಪ್ರಾಣಿಗಳಿಗೆ ಮಾತ್ರ ಇರುವ ಒಂದು ಡಯಾಗ್ನೋಸ್ಟಿಕ್ ಸೆಂಟರ್. ಎಕ್ಸ್‌ರೇ, ಎಕೋ (ಹಾರ್ಟಿನ ಸ್ಕ್ಯಾನ್), ಇಸಿಜಿ, ರಕ್ತ ಪರೀಕ್ಷೆ ಎಲ್ಲಾ ಒಂದೇ ಕಡೆ ಆಗುತ್ತದೆ. ಹೆಸರು ಹಾಕುತ್ತಿಲ್ಲ. ಹೊಗಳಿಕೆ ಜೊತೆ ದೂರೂ ಇದೆ, ಮತ್ತೆ ಇದನ್ನು ಓದುವವರು ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಹೆಸರು ತಗೊಂಡು ಏನು ಮಾಡುತ್ತೀರಿ? ಅಲ್ಲಿ ಏನೇನು ಮಾಡಿದರು, ಯಾಕೆ ಮಾಡಿದರು, ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ ಅನ್ನೋದು ಗೊತ್ತಿದ್ದರೆ ಯಾವ ಊರಲ್ಲಾದರೂ ಕೆಲಸಕ್ಕೆ ಬರುತ್ತದೆ.

ಪೇಷಂಟ್ ನಮ್ಮ ಸೋನು. ಪಾಮೇರಿಯನ್, ಗಂಡು, ಹನ್ನೊಂದು ವರ್ಷ, ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಅಮ್ಮ ಕೂತ ಕಡೆ ಚಪಾತಿ ಚೂರು ಬೀಳುತ್ತಲೇ ಇರುತ್ತದೆ, ಅದರ ಬಗ್ಗೆ ನಮ್ಮನೆಯಲ್ಲಿ ಚರ್ಚೆಗೆ ಅವಕಾಶ ಇಲ್ಲ. ಇವನಿಗೆ ಕೆಮ್ಮು ಶುರುವಾಯಿತು. ಕೆಮ್ಮಿ ಕೆಮ್ಮಿ ಕೊನೆಗೆ ವಾಂತಿ ಬರೋ ಹಾಗೆ ಓಕರಿಸುತ್ತಿದ್ದ, ಏನೂ ಬರುತ್ತಿರಲಿಲ್ಲ. ನೋಡಿದವರೆಲ್ಲ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದರು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು, ಹಾರ್ಟಲ್ಲಿ ಮರ್ಮರ್ ಇದೆ, ಅಂದರೆ ಬಡಿತದ ಜೊತೆ ಬೇರೆ ಸದ್ದು ಕೇಳುತ್ತಿದೆ, ಶ್ವಾಸಕೋಶಕ್ಕೆ ನೀರು ತುಂಬಿದೆ ಅಂತ ಹೇಳಿ ಲ್ಯಾಸಿಕ್ಸ್ ಬರೆದರು, ಮೈಯ ನೀರನ್ನು ಉಚ್ಚೆಯಲ್ಲಿ ಹೊರಹಾಕುವ ಮಾತ್ರೆ. ದಿನಕ್ಕೆ ಎರಡು ಸಲ. ಪಾಪ, ರಾತ್ರಿಯೆಲ್ಲ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದ, ತಡೆಯಲಾಗದೆ ಮನೆಯ ಹಾಲ್‌ನಲ್ಲೇ ಉಚ್ಚೆ ಮಾಡುತ್ತಿದ್ದ, ಬಟ್ಟಲು ಬಟ್ಟಲು ನೀರು ಕುಡಿಯುತ್ತಿದ್ದ. ಕೆಮ್ಮು ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಒಂದು ಎಕ್ಸ್‌ರೇನೂ ತೆಗೆದರು. ಕತ್ತಿನಿಂದ ಬಾಲದವರೆಗೆ ಇಡೀ ನಾಯಿ ಒಂದೇ ಪ್ಲೇಟಿನಲ್ಲಿ. ಅದನ್ನು ಲೈಟ್ ಬಾಕ್ಸಿಗೆ ಹಿಡಿದು, ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿಗೆ ಕಳಿಸಿದರು. ಟ್ಯೂಬ್‌ಲೈಟಿನ ಪ್ರತಿಬಿಂಬ ಸರಿಯಾಗಿ ಹಾರ್ಟ್ ಮೇಲೆ. ಇದನ್ನು ಡಯಾಗ್ನೋಸ್ಟಿಕ್ ಸೆಂಟರಿನ ಡಾಕ್ಟರಿಗೆ ತೋರಿಸಿದಾಗ ಅವರು ಏನೂ ಟೀಕೆ ಮಾಡಲಿಲ್ಲ, "ಇನ್ನೊಂದ್ಸಲ ತೆಗೆಯೋಣ ಸರ್" ಅಂದರು ಅಷ್ಟೆ. ನನಗೆ ಅವರ ಮೇಲೆ ಗೌರವ ಬಂದಿದ್ದು ಅಲ್ಲಿಂದ.

ಮೊದಲು ಪರೀಕ್ಷೆಗಳಿಗಿಂತ ಮುಂಚಿನ ಮಾತು. ಅಲ್ಲಿ ಮೆಷಿನ್ ಹತ್ತಿರ ಕರೆದುಕೊಂಡು ಹೋಗುವ ಮೊದಲು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಕೆಮ್ಮು ಯಾವಾಗ ಬರುತ್ತದೆ? ಮಲಗಿದಾಗಲೋ, ನೀವು ಮನೆಗೆ ಬಂದಾಗ ಖುಷಿಯಲ್ಲಿ ಕುಣಿಯುವಾಗಲೋ, ಬೆಲ್ಟ್ ಎಳೆದಾಗಲೋ, ನೀರು ಕುಡಿದ ಮೇಲೋ? ತಲೆ ಸುತ್ತಿ ಬಿದ್ದಿದ್ದಾನಾ? ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತೀರಾ, ಅಗರಬತ್ತಿ, ಧೂಪ, ಸೊಳ್ಳೆ ಬತ್ತಿ ಹಚ್ಚುತ್ತೀರಾ? ಅಮ್ಮ, "ಗಂಟ್ಲಲ್ಲಿ ಏನೋ ಸಿಕ್ಕೊಂಡಿದೆ ಡಾಕ್ಟ್ರೇ" ಅಂದರು. ಡಾಕ್ಟರ್ ನಗಲಿಲ್ಲ. "ಎಲ್ಲರೂ ಹಾಗೇ ಅನ್ಕೊಳ್ತಾರೆ ಅಮ್ಮಾ, ಕೆಮ್ಮಿನ ವಿಡಿಯೋ ಇದ್ರೆ ತೋರಿಸಿ" ಅಂದರು. ನನ್ನ ಫೋನಲ್ಲಿತ್ತು. ವಿಡಿಯೋ ಅರ್ಧ ಓಡುವಷ್ಟರಲ್ಲೇ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವರಿಗೆ ಒಂದು ಅಂದಾಜು ಸಿಕ್ಕಿದೆ ಅಂತ. ಗೊಕ್ ಗೊಕ್ ಅಂತ ಬಾತುಕೋಳಿ ಕೂಗಿದ ಹಾಗೆ ಬರುವ ಒಣ ಕೆಮ್ಮು, ಖುಷಿಯಾದಾಗ ಮತ್ತು ಕತ್ತಿನ ಬೆಲ್ಟ್ ಎಳೆದಾಗ ಜಾಸ್ತಿ ಆಗುವುದು, ಪಾಮೇರಿಯನ್ ತರದ ಪುಟ್ಟ ಜಾತಿ. ಇಷ್ಟು ಸೇರಿದರೆ ಮೊದಲ ಅನುಮಾನ ಗಾಳಿ ಕೊಳವೆ ಮೇಲೆ. ಈ ನಾಯಿಗಳಲ್ಲಿ ಶ್ವಾಸನಾಳದ ಉಂಗುರಗಳು ವಯಸ್ಸಾಗುತ್ತಾ ಮೆತ್ತಗಾಗಿ, ಉಸಿರಾಡುವಾಗ ಕೊಳವೆ ಚಪ್ಪಟೆಯಾಗುತ್ತದೆ. ಟ್ರೇಕಿಯಲ್ ಕೊಲ್ಯಾಪ್ಸ್ ಅನ್ನುತ್ತಾರೆ.

ಹಾಗಾದರೆ ಮರ್ಮರ್? ಅದೂ ನಿಜವೇ. ಆರರಲ್ಲಿ ನಾಲ್ಕನೇ ಗ್ರೇಡ್ ಅಂದರು. ಇಲ್ಲೇ ಅಸಲಿ ವಿಷಯ ಇರೋದು. ವಯಸ್ಸಾದ ಪುಟ್ಟ ನಾಯಿಗಳಲ್ಲಿ ಹಾರ್ಟಿನ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ದಪ್ಪಗಾಗಿ, ಸರಿಯಾಗಿ ಮುಚ್ಚದೆ, ರಕ್ತ ಹಿಂದಕ್ಕೆ ಸೋರುವುದು ತುಂಬಾ ಸಾಮಾನ್ಯ. ನಾಯಿಗಳ ಹೃದಯ ಕಾಯಿಲೆಗಳಲ್ಲೇ ಇದು ಅತಿ ಹೆಚ್ಚು ಕಾಣಿಸುವಂಥದ್ದು. ಮರ್ಮರ್ ಅಂದರೆ ಆ ಸೋರಿಕೆಯ ಸದ್ದು. ವಾಲ್ವ್ ಸೋರುತ್ತಿದೆ ಅಂತ ಅದು ಹೇಳುತ್ತದೆ. ಶ್ವಾಸಕೋಶಕ್ಕೆ ನೀರು ಬಂದಿದೆ ಅಂತ ಹೇಳುವುದಿಲ್ಲ. ಸೋರಿಕೆ ಇಟ್ಟುಕೊಂಡೇ ವರ್ಷಗಟ್ಟಲೆ ಆರಾಮಾಗಿ ಓಡಾಡುವ ನಾಯಿಗಳಿವೆ. ಪುಟ್ಟ ನಾಯಿ, ವಯಸ್ಸಾಗಿದೆ, ಕೆಮ್ಮುತ್ತಿದೆ, ಮರ್ಮರ್ ಇದೆ ಅಂದ ತಕ್ಷಣ ಹಾರ್ಟ್ ಫೇಲ್ಯೂರ್ ಅಂತ ತೀರ್ಮಾನಿಸಿ ನೀರಿನ ಮಾತ್ರೆ ಕೊಡುವುದು ಎಷ್ಟು ಕಡೆ ನಡೆಯುತ್ತಿದೆಯೋ! ಎರಡೂ ಕಾಯಿಲೆ ಒಂದೇ ನಾಯಿಯಲ್ಲಿ ಒಟ್ಟಿಗೆ ಇರಬಹುದು, ಕೆಮ್ಮಿಗೆ ಕಾರಣ ಅವುಗಳಲ್ಲಿ ಯಾವುದು ಅಂತ ಹುಡುಕುವುದೇ ಡಯಾಗ್ನೋಸಿಸ್. ಅದಕ್ಕೇ ಅಲ್ವಾ ನಾವು ದುಡ್ಡು ಕೊಡೋದು?

ಎಕ್ಸ್‌ರೇ ವಿಭಾಗಕ್ಕೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್. ಎದೆಗೆ ಮಾತ್ರ ಮೂರು ಚಿತ್ರ: ಬಲ ಮಗ್ಗುಲಲ್ಲಿ ಮಲಗಿಸಿ ಒಂದು, ಎಡ ಮಗ್ಗುಲಲ್ಲಿ ಒಂದು, ಹೊಟ್ಟೆ ಕೆಳಗೆ ಮಾಡಿ ಮೇಲಿನಿಂದ ಒಂದು. ಯಾಕೆ ಮೂರು ಅಂತ ಕೇಳಿದೆ. ಮಗ್ಗುಲಾಗಿ ಮಲಗಿದಾಗ ಕೆಳಗಡೆ ಬಂದ ಶ್ವಾಸಕೋಶ ಒತ್ತಿಕೊಂಡು ಗಾಳಿ ಕಡಿಮೆಯಾಗುತ್ತದೆ, ಆ ಕಡೆಯ ಗಂಟು ಗಡ್ಡೆ ಕಾಣದೆ ಹೋಗಬಹುದು, ಹಾಗಾಗಿ ಎರಡೂ ಕಡೆ ಬೇಕು ಅಂದರು. ಮರಿ ಆಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಿಗೆ ಮೊಲೆಯಲ್ಲಿ ಗಡ್ಡೆ ಬರುವುದು ನಮ್ಮಲ್ಲಿ ಜಾಸ್ತಿ. ಅದು ಶ್ವಾಸಕೋಶಕ್ಕೆ ಹರಡಿದೆಯಾ ಅಂತ ನೋಡಲು ಈ ಮೂರೂ ಕೋನ ಬೇಕೇ ಬೇಕಂತೆ. ಉಸಿರಾಟಕ್ಕೇ ಒದ್ದಾಡುತ್ತಿರುವ ನಾಯಿಯನ್ನು ಮಾತ್ರ ಅಂಗಾತ ಮಲಗಿಸುವುದಿಲ್ಲ, ಹೊಟ್ಟೆ ಮೇಲೆಯೇ ಇರಲಿ ಅಂತ ಬಿಡುತ್ತಾರೆ.

ಇನ್ನೊಂದು ನನಗೆ ಇಷ್ಟವಾಗಿದ್ದು, ಟೆಕ್ನಿಷಿಯನ್ ಸೋನುವಿನ ಎದೆಯನ್ನೇ ನೋಡುತ್ತಾ ನಿಂತು, ಅವನು ಪೂರ್ತಿ ಉಸಿರು ಎಳೆದುಕೊಂಡ ಕ್ಷಣಕ್ಕೆ ಬಟನ್ ಒತ್ತಿದರು. ಉಸಿರು ಬಿಟ್ಟಾಗ ತೆಗೆದರೆ ಶ್ವಾಸಕೋಶ ಬೆಳ್ಳಗೆ ಕಾಣುತ್ತದೆ, ಹಾರ್ಟ್ ದೊಡ್ಡದಾಗಿ ಕಾಣುತ್ತದೆ, ಇಲ್ಲದ ನೀರನ್ನು ಇದೆ ಅಂದುಕೊಳ್ಳುವ ಹಾಗಾಗುತ್ತದೆ. ದಪ್ಪ ನಾಯಿಗಳಲ್ಲಿ ಇದು ಇನ್ನೂ ಜಾಸ್ತಿ. ಆಮೇಲೆ ಬೇಕಂತಲೇ ಉಸಿರು ಬಿಟ್ಟಾಗಲೂ ಒಂದು ತೆಗೆದರು. ಕಾರಣ ಇದೆ. ಕತ್ತಿನ ಭಾಗದ ಗಾಳಿ ಕೊಳವೆ ಉಸಿರು ಎಳೆದಾಗ ಚಪ್ಪಟೆಯಾಗುತ್ತದೆ, ಎದೆಯೊಳಗಿನ ಭಾಗ ಉಸಿರು ಬಿಟ್ಟಾಗ. ಒಂದೇ ಚಿತ್ರ ತೆಗೆದು ಕೊಳವೆ ಚೆನ್ನಾಗಿದೆ ಅಂದರೆ ಅದನ್ನು ನಂಬುವ ಹಾಗಿಲ್ಲ. ಕದಲುವ ಎಕ್ಸ್‌ರೇ, ಅಂದರೆ ಫ್ಲೋರೋಸ್ಕೋಪಿ ಇದ್ದರೆ ಇನ್ನೂ ಖಚಿತ, ಅದು ಇಲ್ಲಿ ಇಲ್ಲ. ಅದಿಲ್ಲ ಅಂತ ಅವರೇ ಮೊದಲೇ ಹೇಳಿದರು.

ನಾಯಿಯನ್ನು ಹಿಡಿದುಕೊಳ್ಳಲು ನನ್ನನ್ನೂ ಕರೆದರು, ಆದರೆ ಸೀಸದ ಏಪ್ರನ್ನು, ಕತ್ತಿಗೆ ಸೀಸದ ಪಟ್ಟಿ ಹಾಕಿಸಿದ ಮೇಲೆ. ಅಮ್ಮನನ್ನು ಹೊರಗೆ ಕೂರಿಸಿದರು. ಬಸುರಿ ಹೆಂಗಸರು, ಮಕ್ಕಳು ಒಳಗೆ ಬರಲೇಬಾರದು ಅಂತ ಬಾಗಿಲ ಮೇಲೆ ಕನ್ನಡದಲ್ಲೂ ಬರೆದು ಹಾಕಿದ್ದಾರೆ. ಎಷ್ಟೋ ಕಡೆ "ಸ್ವಲ್ಪ ಕಾಲು ಹಿಡ್ಕೊಳ್ಳಿ ಸರ್" ಅಂತ ಬರೀ ಕೈಯಲ್ಲಿ ನಿಲ್ಲಿಸಿಬಿಡುತ್ತಾರೆ. ಹಾಗೆ ಕರೆದರೆ ಏಪ್ರನ್ ಕೇಳಿ, ಸಂಕೋಚ ಬೇಡ.

ಚಿತ್ರ ದೊಡ್ಡ ಸ್ಕ್ರೀನಿನಲ್ಲಿ ಹಾಕಿ ನಮಗೇ ಅಳೆದು ತೋರಿಸಿದರು. ಹಾರ್ಟಿನ ಉದ್ದ, ಅಗಲ ಎರಡನ್ನೂ ಗೆರೆ ಎಳೆದು, ಆ ಗೆರೆಗಳನ್ನು ಬೆನ್ನುಮೂಳೆ ಮೇಲೆ ಇಟ್ಟು, ಎದೆ ಭಾಗದ ನಾಲ್ಕನೇ ಬೆನ್ನುಮೂಳೆಯಿಂದ ಶುರುಮಾಡಿ ಎಷ್ಟು ಮೂಳೆಯಷ್ಟು ಉದ್ದ ಅಂತ ಎಣಿಸುತ್ತಾರೆ. ಎರಡನ್ನೂ ಕೂಡಿಸಿದರೆ ಬರುವ ಸಂಖ್ಯೆಯೇ ವಿಎಚ್‌ಎಸ್. 1995ರಲ್ಲಿ ಬುಕಾನನ್ ಮತ್ತು ಬ್ಯೂಖೆಲರ್ ಅನ್ನುವವರು ಕೊಟ್ಟ ವಿಧಾನ. ಸಾಮಾನ್ಯವಾಗಿ ನಾಯಿಗಳಲ್ಲಿ 8.5ರಿಂದ 10.5. ನಾಯಿ ಚಿಕ್ಕದಿರಲಿ ದೊಡ್ಡದಿರಲಿ, ಅದರ ಹಾರ್ಟನ್ನು ಅದರದೇ ಮೂಳೆಯಿಂದ ಅಳೆಯುವುದು, ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ಸೋನುವಿಗೆ 11.2 ಬಂತು. ಆದರೆ ಡಾಕ್ಟರ್ ಅಲ್ಲಿಗೇ ಕುಣಿಯಲಿಲ್ಲ. ಪಗ್, ಬುಲ್‌ಡಾಗ್ ತರದ ಜಾತಿಗಳಲ್ಲಿ ಈ ಸಂಖ್ಯೆ ಹುಟ್ಟಿನಿಂದಲೇ ಜಾಸ್ತಿ ಬರುತ್ತದೆ, ಪಾಮೇರಿಯನ್‌ನಲ್ಲೂ ಸ್ವಲ್ಪ ಹಾಗೇ, ಗ್ರೇಹೌಂಡ್ ತರದ ಓಟದ ನಾಯಿಗಳ ಹಾರ್ಟ್ ಸಹಜವಾಗಿಯೇ ದೊಡ್ಡದು ಅಂದರು. ನಮ್ಮ ಮುಧೋಳವೂ ಓಟದ ನಾಯಿಯೇ. ಯಾರಾದರೂ ಬರೀ ಎಕ್ಸ್‌ರೇ ನೋಡಿ ನಿಮ್ಮ ಮುಧೋಳದ ಹಾರ್ಟ್ ಊದಿದೆ ಅಂದರೆ ಎಕೋ ಮಾಡಿಸದೆ ಮಾತ್ರೆ ಶುರು ಮಾಡಬೇಡಿ.

ಶ್ವಾಸಕೋಶ ಕಪ್ಪಗೆ, ಕ್ಲಿಯರ್ ಆಗಿತ್ತು. ನೀರಿಲ್ಲ. ಲ್ಯಾಸಿಕ್ಸ್ ಕೊಡುತ್ತಿದ್ದಿರಲ್ಲ, ಅದರಿಂದ ನೀರು ಇಳಿದಿರಬಹುದಲ್ವಾ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ನೀರೇ ಕಾರಣವಾಗಿದ್ದರೆ ಮಾತ್ರೆ ಹಾಕಿದ ಮೇಲೆ ಉಸಿರಾಟ ಬದಲಾಗಬೇಕಿತ್ತು, ಕೆಮ್ಮು ಒಂದಿಷ್ಟಾದರೂ ಕಡಿಮೆಯಾಗಬೇಕಿತ್ತು, ಹಾಗೇನೂ ಆಗಿಲ್ಲ ಅಂದರು. ಉಸಿರು ಬಿಟ್ಟಾಗಿನ ಚಿತ್ರದಲ್ಲಿ ಎದೆಯೊಳಗಿನ ಗಾಳಿ ಕೊಳವೆ ಅರ್ಧಕ್ಕಿಂತ ಸಣ್ಣಗಾಗಿತ್ತು. ಅದರ ಜೊತೆ, ಹಾರ್ಟಿನ ಎಡ ಮೇಲಿನ ಕೋಣೆ ಉಬ್ಬಿ, ಎಡ ಶ್ವಾಸಕೋಶಕ್ಕೆ ಹೋಗುವ ಕವಲನ್ನು ಕೆಳಗಿನಿಂದ ಒತ್ತುತ್ತಿತ್ತು.

ಎಕೋ ಬೇರೆ ಕೋಣೆಯಲ್ಲಿ, ಕತ್ತಲು ಮಾಡಿಕೊಂಡು. ಅರಿವಳಿಕೆ ಕೊಡಲಿಲ್ಲ. ಮಧ್ಯೆ ತೂತಿರುವ ಟೇಬಲ್ ಮೇಲೆ ನಾಯಿಯನ್ನು ಬಲ ಮಗ್ಗುಲಲ್ಲಿ ಮಲಗಿಸಿ, ಕೆಳಗಿನಿಂದ ಪ್ರೋಬ್ ಇಟ್ಟು ನೋಡುತ್ತಾರೆ. ಎಕ್ಸ್‌ರೇ ಹಾರ್ಟಿನ ನೆರಳನ್ನಷ್ಟೇ ತೋರಿಸುತ್ತದೆ. ಎಕೋದಲ್ಲಿ ಗೋಡೆ, ಕೋಣೆ, ವಾಲ್ವ್ ಎಲ್ಲಾ ಬಡಿದುಕೊಳ್ಳುತ್ತಿರುವುದು ಎದುರಿಗೇ ಕಾಣುತ್ತದೆ. ಕಲರ್ ಡಾಪ್ಲರ್ ಹಾಕಿದಾಗ ವಾಲ್ವಿನಿಂದ ರಕ್ತ ಹಿಂದಕ್ಕೆ ಚಿಮ್ಮುವುದು ನೀಲಿ, ಹಳದಿ, ಹಸಿರು ಬಣ್ಣ ಕಲಸಿದ ಹಾಗೆ ಬಂತು. ಅಮ್ಮ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡರು. ಡಾಕ್ಟರ್ ಅಳೆಯುತ್ತಲೇ ಮಾತಾಡುತ್ತಿದ್ದರು: ಎಡ ಮೇಲಿನ ಕೋಣೆಯ ಅಗಲವನ್ನು ಪಕ್ಕದ ಮಹಾಧಮನಿಯ ಅಗಲದಿಂದ ಭಾಗಿಸಿದರೆ 1.6ಕ್ಕಿಂತ ಕಡಿಮೆ ಇರಬೇಕು, ಇವನಿಗೆ 1.8. ಎಡ ಕೆಳಗಿನ ಕೋಣೆಯ ಅಳತೆಯನ್ನು ತೂಕಕ್ಕೆ ಹೊಂದಿಸಿ ನೋಡಿದರೆ 1.7ಕ್ಕಿಂತ ಕಡಿಮೆ ಇರಬೇಕು, ಅದೂ ದಾಟಿದೆ.

ಇದರಿಂದ ಏನು ಉಪಯೋಗ? ಇದೆ. ಮೈಟ್ರಲ್ ವಾಲ್ವ್ ಕಾಯಿಲೆಗೆ ಹಂತಗಳಿವೆ. ಮರ್ಮರ್ ಇದೆ, ಹಾರ್ಟ್ ಹಿಗ್ಗಿಲ್ಲ ಅಂದರೆ ಬಿ1. ಮಾತ್ರೆ ಬೇಡ, ಆಗಾಗ ನೋಡಿಸಿ ಅಷ್ಟೆ. ಹಾರ್ಟ್ ಹಿಗ್ಗಿದೆ, ಆದರೆ ಇನ್ನೂ ಫೇಲ್ಯೂರ್ ಆಗಿಲ್ಲ ಅಂದರೆ ಬಿ2. ಶ್ವಾಸಕೋಶಕ್ಕೆ ನೀರು ಬಂದರೆ ಸಿ, ಆಗ ಲ್ಯಾಸಿಕ್ಸ್ ಬೇಕೇ ಬೇಕು. ಮಾಮೂಲಿ ಮಾತ್ರೆಗಳಿಗೂ ಬಗ್ಗದಿದ್ದರೆ ಡಿ. ಬಿ1ಗೂ ಬಿ2ಗೂ ಇರುವ ಗೆರೆ ಎಳೆಯುವುದು ಎಕೋದ ಕೆಲಸ, ಸ್ಟೆತಸ್ಕೋಪಿಗೆ ಅದು ಆಗಲ್ಲ. ಆ ಗೆರೆ ಯಾಕೆ ಮುಖ್ಯ ಅಂದರೆ, 2016ರಲ್ಲಿ ಎಪಿಕ್ ಅನ್ನುವ ದೊಡ್ಡ ಅಧ್ಯಯನ ಪ್ರಕಟವಾಯಿತು. ಸೋನುವಿನ ಹಾಗೆ ಹಾರ್ಟ್ ಹಿಗ್ಗಿದ, ಇನ್ನೂ ಫೇಲ್ಯೂರ್ ಆಗದ 360 ನಾಯಿಗಳ ಮೇಲೆ ಮಾಡಿದ್ದು. ಪಿಮೊಬೆಂಡಾನ್ ಅನ್ನುವ ಹಾರ್ಟಿನ ಮಾತ್ರೆ ಕೊಟ್ಟ ನಾಯಿಗಳಿಗೆ ಫೇಲ್ಯೂರ್ ಬರುವುದು ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ನಾಯಿಯ ಆಯಸ್ಸಿನಲ್ಲಿ 15 ತಿಂಗಳು ಅಂದರೆ ಸಣ್ಣ ವಿಷಯ ಅಲ್ಲ.

ಸೋನು ಬಿ2. ಅಂದರೆ ಅವನಿಗೆ ಬೇಕಿದ್ದ ಮಾತ್ರೆ ಸಿಕ್ಕಿರಲಿಲ್ಲ, ಬೇಡದ್ದು ಸಿಗುತ್ತಿತ್ತು. ಲ್ಯಾಸಿಕ್ಸ್ ನಿಲ್ಲಿಸಿದರು. ಅದನ್ನು ಸುಮ್ನೆ ಕೊಡುತ್ತಾ ಹೋದರೆ ಮೈಯಲ್ಲಿ ನೀರು ಕಡಿಮೆಯಾಗಿ ಕಿಡ್ನಿಗೆ ಹೊಡೆತ, ಪೊಟ್ಯಾಸಿಯಂ ಇಳಿಯುತ್ತದೆ, ಕಫವೂ ಗಟ್ಟಿಯಾಗುತ್ತದೆ. ಪಿಮೊಬೆಂಡಾನ್ ಶುರು, ದಿನಕ್ಕೆ ಎರಡು ಸಲ, ಊಟಕ್ಕೆ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ. ಕೆಮ್ಮಿಗೆ ಬೇರೆ ಮಾತ್ರೆ. ಕತ್ತಿನ ಬೆಲ್ಟ್ ಬಿಸಾಕಿ ಎದೆಗೆ ಹಾಕುವ ಹಾರ್ನೆಸ್. ತೂಕ ಇಳಿಸುವುದು. ಅಗರಬತ್ತಿ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಮಾತ್ರ. ಡಾಕ್ಟರ್ ಅಮ್ಮನಿಗೆ ನೇರವಾಗಿ, "ಚಪಾತಿ ನಿಲ್ಲಿಸಿದ್ರೆ ಅರ್ಧ ಕೆಮ್ಮು ನಿಲ್ಲುತ್ತೆ ಅಮ್ಮಾ" ಅಂದುಬಿಟ್ಟರು. ಅಮ್ಮ ಈಗ ಸೌತೆಕಾಯಿ ಚೂರು ಹಾಕುತ್ತಾರೆ. ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ, ಆದರೆ ರಾತ್ರಿ ನಿದ್ದೆ ಮಾಡುತ್ತಾನೆ, ನಾವೂ ಮಾಡುತ್ತೇವೆ. ವಾಲ್ವ್ ಆಪರೇಷನ್ ಆಗಲ್ವಾ ಅಂತ ಕೇಳಿದ್ದಕ್ಕೆ, ಜಪಾನಿನ ಯೊಕೊಹಾಮಾದಲ್ಲಿ ಮಸಾಮಿ ಉಯೆಚಿ ಅನ್ನುವ ಡಾಕ್ಟರ ತಂಡ ಪುಟ್ಟ ನಾಯಿಗಳ ಹಾರ್ಟ್ ತೆರೆದು ವಾಲ್ವ್ ರಿಪೇರಿ ಮಾಡುತ್ತದೆ ಅಂದರು. ಯೊಕೊಹಾಮಾ! ಅಲ್ಲಿಗೆ ಆ ಮಾತು ಮುಗಿಯಿತು.

ಈಗ ದುಡ್ಡಿನ ವಿಷಯ. ಎಕೋಗೆ 3,500 ರೂಪಾಯಿ, ಎಕ್ಸ್‌ರೇ ಒಂದಕ್ಕೆ 700, ಕಿಡ್ನಿ ಮತ್ತು ಎಲೆಕ್ಟ್ರೋಲೈಟ್ ರಕ್ತ ಪರೀಕ್ಷೆ ಬೇರೆ. ಇವಿಷ್ಟಕ್ಕೂ ನಾನು ಸಂತೋಷದಿಂದ ಕೊಟ್ಟೆ. ಆದರೆ ಕೌಂಟರಿನಲ್ಲಿ ಕೂತಿರುವವರು ಡಾಕ್ಟರ್ ಹೇಳದೇ ಇದ್ದರೂ "ಸೀನಿಯರ್ ಹಾರ್ಟ್ ಪ್ಯಾಕೇಜ್" ಅಂತ ಒಂದನ್ನು ಮುಂದಿಡುತ್ತಾರೆ. ಅದರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಅನ್ನುವ ರಕ್ತ ಪರೀಕ್ಷೆಯೂ ಸೇರಿಕೊಂಡು ಬಿಲ್ ಏರುತ್ತದೆ. ಆ ಪರೀಕ್ಷೆ ಕೆಟ್ಟದ್ದಲ್ಲ. ಹಾರ್ಟ್ ಗೋಡೆ ಎಳೆದಾಡಿದಾಗ ರಕ್ತಕ್ಕೆ ಬರುವ ಒಂದು ವಸ್ತುವನ್ನು ಅದು ಅಳೆಯುತ್ತದೆ. ಉಸಿರಾಟಕ್ಕೆ ಒದ್ದಾಡುತ್ತಾ ಬಂದ ಪ್ರಾಣಿಗೆ ಕಾರಣ ಹಾರ್ಟೋ ಶ್ವಾಸಕೋಶವೋ ಅಂತ ಬೇಗ ಅಂದಾಜು ಮಾಡಲು, ಎಕೋ ಸಿಗದ ಊರಿನಲ್ಲಿ, ಬೆಕ್ಕುಗಳಲ್ಲಿ ಅದು ಒಳ್ಳೆಯದೇ. ಆದರೆ ಎಕೋನೇ ಮಾಡಿಸಿ ಕೈಯಲ್ಲಿ ಅಳತೆ ಇಟ್ಟುಕೊಂಡ ಮೇಲೆ ನಮ್ಮ ಸೋನುವಿಗೆ ಅದು ಹೊಸದಾಗಿ ಏನು ಹೇಳುತ್ತದೆ? ಡಾಕ್ಟರನ್ನೇ ಕೇಳಿದೆ, ಬೇಡ ಅಂದರು. ಕೌಂಟರಿನಲ್ಲಿ ಮುಖ ಸಣ್ಣಗಾಯಿತು. ಯಾವ ಪರೀಕ್ಷೆಗಾದರೂ ನೀವು ಕೇಳಬೇಕಾದ ಪ್ರಶ್ನೆ ಇದೊಂದೇ: ಇದರ ಫಲಿತಾಂಶ ಹೀಗೆ ಬಂದರೆ ಔಷಧಿ ಬದಲಾಗುತ್ತಾ? ಇಲ್ಲ ಅಂದರೆ ದುಡ್ಡು ಉಳಿಸಿಕೊಳ್ಳಿ.

ಹಾರ್ಟ್‌ವರ್ಮ್ ಪರೀಕ್ಷೆಗೆ ಮಾತ್ರ ನಾನು ಹ್ಞೂಂ ಅಂದೆ. ಸೊಳ್ಳೆಯಿಂದ ಬರುವ ಹುಳ. ಶ್ವಾಸಕೋಶದ ರಕ್ತನಾಳಗಳಲ್ಲಿ, ಹಾರ್ಟಿನ ಬಲಭಾಗದಲ್ಲಿ ಬೆಳೆದು ಕೂರುತ್ತದೆ, ಕೆಮ್ಮು, ಸುಸ್ತು ಇದರಿಂದಲೂ ಬರುತ್ತದೆ. ಒಂದು ಹನಿ ರಕ್ತ, ಹತ್ತು ನಿಮಿಷದ ಕಿಟ್. ಅದೇ ಕಿಟ್ಟಿನಲ್ಲಿ ಮೈಗೆ ಅಂಟುವ ಉಣ್ಣಿ ಹುಳದಿಂದ ಬರುವ ಎರ್ಲಿಕಿಯಾ ಅನ್ನುವ ಸೋಂಕೂ ಗೊತ್ತಾಗುತ್ತದೆ. ನೆನಪಿರಲಿ, ಈ ಕಿಟ್ ಹಿಡಿಯುವುದು ಬೆಳೆದ ಹೆಣ್ಣು ಹುಳದ ಗುರುತನ್ನು. ಸೊಳ್ಳೆ ಕಚ್ಚಿ ಹುಳ ಬೆಳೆಯಲು ಆರು ತಿಂಗಳಾದರೂ ಬೇಕು, ಹಾಗಾಗಿ ಪುಟ್ಟ ಮರಿಗೆ ಈ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತು ಅಂತ ಖುಷಿಪಡುವುದರಲ್ಲಿ ಅರ್ಥ ಇಲ್ಲ.

ನಾವು ಕಾಯುತ್ತಿದ್ದಾಗ ಒಂದು ಪಗ್ ಬಂತು. ನಾಲಗೆ ನೀಲಿ, ಕತ್ತು ಚಾಚಿಕೊಂಡು ಎಳೆಯುತ್ತಿತ್ತು. ಹೆಸರು, ಫೋನ್ ನಂಬರ್, ಅಡ್ವಾನ್ಸ್ ಏನೂ ಕೇಳದೆ ನೇರ ಒಳಗೆ ಆಕ್ಸಿಜನ್ ಪೆಟ್ಟಿಗೆಗೆ ಹಾಕಿದರು. ಎಕ್ಸ್‌ರೇಗೆ ತಕ್ಷಣ ಎಳೆದುಕೊಂಡು ಹೋಗಲಿಲ್ಲ. ಆಮೇಲೆ ಡಾಕ್ಟರ್ ಹೇಳಿದರು, ಅಂಥ ಪ್ರಾಣಿಯನ್ನು ಹಿಡಿದು ಮಲಗಿಸಿದರೆ ಟೇಬಲ್ ಮೇಲೆಯೇ ಹೋಗಿಬಿಡಬಹುದು, ಮೊದಲು ಆಕ್ಸಿಜನ್, ನಿಂತ ಹಾಗೇ ಎದೆಗೆ ಪ್ರೋಬ್ ಇಟ್ಟು ಶ್ವಾಸಕೋಶದಲ್ಲಿ ನೀರಿನ ಗೆರೆಗಳಿವೆಯಾ ಅಂತ ನೋಡುತ್ತೇವೆ, ಚಿತ್ರ ಗಿತ್ರ ಎಲ್ಲಾ ಆಮೇಲೆ ಅಂತ. ಒಂದು ಜಾಗ ಒಳ್ಳೆಯದಾ ಅಲ್ವಾ ಅಂತ ಗೊತ್ತಾಗುವುದು ಇಂಥದ್ದರಿಂದ, ಗೋಡೆ ಮೇಲಿನ ಸರ್ಟಿಫಿಕೇಟಿನಿಂದ ಅಲ್ಲ.

ಬೆಕ್ಕಿನವರಿಗೂ ಸ್ವಲ್ಪ ಹೇಳಬೇಕು, ಯಾಕೆಂದರೆ ತಂಗಿ ಅವಳ ಪರ್ಷಿಯನ್ ಬೆಕ್ಕನ್ನು ಆಮೇಲೆ ಇಲ್ಲಿಗೇ ಕರೆದುಕೊಂಡು ಬಂದಳು. ಬೆಕ್ಕಿನ ಲೆಕ್ಕವೇ ಬೇರೆ. ಹಾರ್ಟ್ ಫೇಲ್ಯೂರ್ ಆದ ಬೆಕ್ಕು ಸಾಮಾನ್ಯವಾಗಿ ಕೆಮ್ಮುವುದಿಲ್ಲ. ಮಂಚದ ಕೆಳಗೆ ಹೋಗಿ ಕೂರುತ್ತದೆ, ಊಟ ಬಿಡುತ್ತದೆ, ಜೋರಾಗಿ ಉಸಿರಾಡುತ್ತದೆ. ಕೆಮ್ಮುವ ಬೆಕ್ಕಿಗೆ ಅಸ್ತಮಾ ಇರುವ ಸಾಧ್ಯತೆಯೇ ಜಾಸ್ತಿ, ಕತ್ತು ಮುಂದಕ್ಕೆ ಚಾಚಿ ನೆಲಕ್ಕೆ ಒತ್ತಿಕೊಂಡು ಕೆಮ್ಮುತ್ತದೆ, ಕೂದಲುಂಡೆ ಕಕ್ಕಲು ನೋಡುತ್ತಿದೆ ಅಂತ ನಾವು ಸುಮ್ಮನಾಗುತ್ತೇವೆ. ಬೆಕ್ಕುಗಳಲ್ಲಿ ಹೆಚ್ಚು ಕಾಣಿಸುವ ಹಾರ್ಟ್ ಕಾಯಿಲೆಯಲ್ಲಿ ಗೋಡೆ ದಪ್ಪಗಾಗುತ್ತದೆ, ಎಚ್‌ಸಿಎಂ ಅನ್ನುತ್ತಾರೆ. ಮೇನ್ ಕೂನ್, ರ‍್ಯಾಗ್‌ಡಾಲ್ ಜಾತಿಗಳಲ್ಲಿ ಇದಕ್ಕೆ ಕಾರಣವಾಗುವ ಜೀನ್ ದೋಷವೇ ಪತ್ತೆಯಾಗಿದೆ. ಕಾಯಿಲೆ ಇದ್ದರೂ ಮರ್ಮರ್ ಇಲ್ಲದಿರಬಹುದು, ಮರ್ಮರ್ ಇದ್ದರೂ ಹಾರ್ಟ್ ಚೆನ್ನಾಗಿರಬಹುದು, ಸ್ಟೆತಸ್ಕೋಪ್ ನಂಬಿ ಕೂರುವ ಹಾಗೇ ಇಲ್ಲ, ಎಕೋನೇ ಗತಿ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ, ಅಥವಾ ಇದ್ದಕ್ಕಿದ್ದ ಹಾಗೆ ಹಿಂಗಾಲು ಸತ್ತ ಹಾಗಾಗಿ, ತಣ್ಣಗಾಗಿ, ನೋವಿನಿಂದ ಕಿರುಚಿದರೆ ರಿವ್ಯೂ ಓದುತ್ತಾ ಕೂರಬೇಡಿ, ಗಾಡಿ ತೆಗೆಯಿರಿ. ಎರಡನೆಯದು ಹಾರ್ಟಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಕಾಲಿನ ರಕ್ತನಾಳಕ್ಕೆ ಬಂದು ಸಿಕ್ಕಿಕೊಂಡಿರುವ ಲಕ್ಷಣ.

ಡಾಬರ್‌ಮನ್ ಇರುವವರ ದಾರಿಯೂ ಬೇರೆ. ಅವುಗಳಲ್ಲಿ ಹಾರ್ಟಿನ ಸ್ನಾಯು ಸೋತು ಹಿಗ್ಗುವ ಕಾಯಿಲೆ ಬರುತ್ತದೆ, ಬಡಿತ ತಪ್ಪುತ್ತದೆ, ಕೆಲವು ಸಲ ಮೊದಲ ಲಕ್ಷಣವೇ ಬಿದ್ದು ಸಾಯುವುದು. ಐದು ನಿಮಿಷದ ಇಸಿಜಿಯಲ್ಲಿ ತಪ್ಪು ಬಡಿತ ಸಿಗದೇ ಹೋಗಬಹುದು. ಅದಕ್ಕೆ 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಅನ್ನುವ ಇಸಿಜಿ ಯಂತ್ರ ಬೇಕು. ಈ ಸೆಂಟರಿನಲ್ಲಿ ಹೋಲ್ಟರ್ ಬಾಡಿಗೆಗೆ ಕೊಡುತ್ತಾರೆ, ಡೆಪಾಸಿಟ್ ಇಟ್ಟು. ಅದನ್ನು ನಾವು ಬಳಸಿಲ್ಲ, ಹಾಗಾಗಿ ಜಾಸ್ತಿ ಹೇಳಲ್ಲ.

ಸೋನು ವಿಷಯದಲ್ಲಿ ಅತಿ ಉಪಯೋಗಕ್ಕೆ ಬಂದ ಪರೀಕ್ಷೆ ಯಾವುದು ಅಂದರೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನಾಯಿ ಗಾಢವಾಗಿ ಮಲಗಿರುವಾಗ ಎದೆ ಏರಿ ಇಳಿದರೆ ಒಂದು ಅಂತ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರೊಳಗೆ ಇರಬೇಕು. ಕನಸು ಕಾಣುತ್ತಾ ಕಾಲು ಆಡಿಸುವಾಗ, ಬೇಸಿಗೆಯಲ್ಲಿ ನಾಲಗೆ ಚಾಚಿ ಏದುತ್ತಿರುವಾಗ ಎಣಿಸಬಾರದು. ದಿನಾ ಬರೆದಿಟ್ಟರೆ ನಿಮ್ಮ ನಾಯಿಯ ಮಾಮೂಲಿ ಸಂಖ್ಯೆ ಯಾವುದು ಅಂತ ಗೊತ್ತಾಗುತ್ತದೆ. ಅದು ಏರುತ್ತಾ ಹೋಗಿ 30 ದಾಟಿ ಅಲ್ಲೇ ನಿಂತರೆ ಶ್ವಾಸಕೋಶಕ್ಕೆ ನೀರು ಬರುತ್ತಿರಬಹುದು, ಕೆಮ್ಮಿಗಿಂತ ಮೊದಲೇ ಇದು ಸುಳಿವು ಕೊಡುತ್ತದೆ. ಅಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸೋನು ಉಸಿರಿನ ಲೆಕ್ಕ ಬರೆಯುತ್ತಾರೆ, 20, 22, 19, ಹೀಗೆ. ಆ ಕ್ಯಾಲೆಂಡರಿನ ಫೋಟೋ ನೋಡಿ ಡಾಕ್ಟರ್ ರಿಪೋರ್ಟಿಗಿಂತ ಜಾಸ್ತಿ ಹೊತ್ತು ಅದನ್ನೇ ಓದಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಇದೊಂದನ್ನು ಹೇಳಿಕೊಟ್ಟಿದ್ದರೆ ಸಾಕಿತ್ತು, ಲ್ಯಾಸಿಕ್ಸ್ ಬೇಕಾ ಬೇಡವಾ ಅನ್ನುವ ಅನುಮಾನವಾದರೂ ಬರುತ್ತಿತ್ತು.

ಇನ್ನು ಆ ಕಡಿಮೆಯಾದ ಸ್ಟಾರ್. ಪ್ಯಾಕೇಜ್ ಕಾಟದ ಬಗ್ಗೆ ಹೇಳಿದೆ. ರಿಪೋರ್ಟ್ ಪೂರ್ತಿ ಇಂಗ್ಲಿಷ್, ಅದರಲ್ಲೂ ಅರ್ಧ ಸಂಕೇತಾಕ್ಷರ. ಡಾಕ್ಟರ್ ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳಿದ್ದನ್ನು ನಾಲ್ಕು ಸಾಲು ಬರೆದು ಕೊಟ್ಟರೆ ಮನೆಯಲ್ಲಿ ನಾಯಿ ನೋಡಿಕೊಳ್ಳುವ ಅಪ್ಪ ಅಮ್ಮಂದಿರಿಗೆ ಅನುಕೂಲ, ಏನು ಕಷ್ಟ ಅದರಲ್ಲಿ? ಕಾಯುವ ಹಾಲ್ ಒಂದೇ, ಬೆಕ್ಕು ನಾಯಿ ಎಲ್ಲಾ ಅಲ್ಲೇ. ಹಾರ್ಟ್ ಕಾಯಿಲೆ ಇರುವ ಬೆಕ್ಕನ್ನು ಬೊಗಳುವ ಲ್ಯಾಬ್ರಡಾರ್ ಪಕ್ಕ ಗಂಟೆಗಟ್ಟಲೆ ಕೂರಿಸಿ ಆಮೇಲೆ ಬಿಪಿ ನೋಡಿದರೆ ಎಷ್ಟು ಬರಬಹುದು ನೀವೇ ಹೇಳಿ. ತಂಗಿ ಬೆಕ್ಕಿನ ಬುಟ್ಟಿಗೆ ಟವೆಲ್ ಹೊದಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಮತ್ತೆ ಸೋನುವಿನ ಎದೆಯ ಎರಡೂ ಕಡೆ ಕೂದಲು ಬೋಳಿಸಿದರು, ಹೇಳದೆ ಕೇಳದೆ. ಎಕೋಗೆ ಬೇಕಾಗುತ್ತದೆ, ಸರಿ, ಪಾಮೇರಿಯನ್ ಕೂದಲು ಅಂದರೆ ಕಾಡು. ಆದರೆ ಮೊದಲೇ ಒಂದು ಮಾತು ಹೇಳಬಹುದಿತ್ತು.

ಖರ್ಚು ಜಾಸ್ತಿ ಅನ್ನುವವರಿಗೆ ಸರ್ಕಾರಿ ದಾರಿಯೂ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ನಡೆಯುತ್ತಿದೆ. ಬೀದರ್, ಶಿವಮೊಗ್ಗ, ಹಾಸನದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಓದುವ ಹುಡುಗರು ಇರುವ ಕಡೆ ಒಂದು ಲಾಭ, ಸ್ಟೆತಸ್ಕೋಪ್ ಇಟ್ಟು ತುಂಬಾ ಜನ ಕೇಳುತ್ತಾರೆ, ಅವಸರ ಕಡಿಮೆ. ಎಕೋ ಯಾವ ದಿನ ಇರುತ್ತದೆ ಅಂತ ವಿಚಾರಿಸಿಕೊಂಡು ಹೋಗಿ.

ಒಂದು ಎಚ್ಚರಿಕೆ, ರಿವ್ಯೂಗೆ ಸಂಬಂಧ ಇಲ್ಲದಿದ್ದರೂ. ಕೆಮ್ಮು ಅಂತ ಮನೆಯಲ್ಲಿರುವ ಸಿರಪ್ ಹಾಕಬೇಡಿ. ಎಷ್ಟೋ ನೆಗಡಿ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಮೂಗು ಕಟ್ಟಿದ್ದಕ್ಕೆ ಕೊಡುವ ಔಷಧಿ ಬೆರೆತಿದ್ದರೆ ನಾಯಿಯ ಹಾರ್ಟ್ ಬಡಿತವೂ ತಾಳ ತಪ್ಪುತ್ತದೆ.

ಹೋಗುವವರು ಕೆಮ್ಮಿನ ವಿಡಿಯೋ, ಹಳೆ ರಿಪೋರ್ಟ್, ಈಗ ಕೊಡುತ್ತಿರುವ ಮಾತ್ರೆಗಳ ಶೀಟ್ ತಗೊಂಡು ಹೋಗಿ. ಎಕ್ಸ್‌ರೇ ಫೈಲನ್ನೇ ಕೇಳಿ, ಸ್ಕ್ರೀನಿನ ಫೋಟೋ ಬೇಡ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಕೊಡಲ್ಲ. ಬೆಳಗಿನ ಹೊತ್ತು ಜನ ಕಡಿಮೆ. ಎಕೋ ಡಾಕ್ಟರ್ ವಾರದಲ್ಲಿ ಮೂರು ದಿನ ಮಾತ್ರ ಬರುತ್ತಾರೆ, ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬೇಡಿ. ಫೋನ್ ಯಾರೂ ಎತ್ತಲ್ಲ, ವಾಟ್ಸಾಪ್ ಮಾಡಿದರೆ ಉತ್ತರ ಬರುತ್ತದೆ.